ಕಿಟಕಿ ಪಕ್ಕದ ಮಂಚ ಹೋದ ರೇಸ್

ಫ್ರೆಂಡ್ಸ್, ಇವತ್ತು ಹಾಸ್ಟೆಲ್‌ನಲ್ಲಿ ನನ್ನ ಕಿಟಕಿ ಪಕ್ಕದ ಮಂಚ ಹೋಯಿತು. ಆ ಮಂಚ ಇಲ್ಲದಿದ್ದರೆ ನನಗೆ ಓದೂ ಹತ್ತುವುದಿಲ್ಲ, ನಿದ್ದೆಯೂ ಹತ್ತುವುದಿಲ್ಲ.

ಕಾರ್ ರೇಸ್ ಗೇಮ್‌ಗಳಲ್ಲಿ ನನ್ನದು ರಿಯಲಿಸ್ಟಿಕ್ಕೋ, ರೂಮ್‌ಮೇಟ್ ಬಸುನದೋ ಎಂದು ಬೆಟ್ ಕಟ್ಟಿದ್ದೆವು. ಸೋತವನಿಗೆ ಬಾಗಿಲ ಬಳಿಯ ಮಂಚ. ನನ್ನ ಗೇಮ್‌ನಲ್ಲಿ ಟೈರ್ ಬಿಸಿಯಾದರೆ ಗ್ರಿಪ್ ಕೂಡ ಬದಲಾಗುತ್ತದೆ. ಅವನದರಲ್ಲಿ ಗೋಡೆಗೆ ಗುದ್ದಿದ ಕಾರು ಚೆಂಡಿನಂತೆ ಪುಟಿದು ಮತ್ತೆ ಓಡುತ್ತದೆ. ಗೆಲುವು ನನ್ನದೇ ಎಂಬ ಧೈರ್ಯದಲ್ಲಿ, ಮಗನನ್ನು ನೋಡಲು ಬಂದಿದ್ದ ಬಸುನ ಅಪ್ಪನನ್ನೇ ಜಡ್ಜ್ ಮಾಡಿದೆ. ನಾವು ಕಾಕಾ ಎಂದು ಕರೆಯುವ ಅವರು ಶಿರಗುಪ್ಪಿ ಕಡೆ ಬಸ್ ಓಡಿಸುತ್ತಾರೆ.

ಕಾಕಾ ನನ್ನ ಗೇಮ್ ಶುರು ಮಾಡಿ, ಅರ್ಧ ಲ್ಯಾಪ್‌ಗೇ ಕಾರನ್ನು ಬದಿಗೆ ನಿಲ್ಲಿಸಿದರು.

“ಯಾಕ್ರಿ ಕಾಕಾ?”

“ಹಿಂದಿನವ್ರಿಗೆ ಅರ್ಜೆಂಟ್ ಐತಿ, ಹೋಗ್ಲಿ ಬಿಡು.”

ಹಿಂದಿದ್ದ ಹನ್ನೊಂದು ಕಾರುಗಳೂ ಮುಂದೆ ಹೋದವು.

“ಗಾಡಿ ಛಲೋ ಐತಿ ತಮ್ಮಾ. ಆದ್ರ ಇಷ್ಟು ಮಂದಿ ಹೋದ್ರು, ಒಬ್ಬರೂ ಹಾರ್ನ್ ಹೊಡೀಲಿಲ್ಲ. ಇದು ಖರೇ ರೋಡ್ ಅಲ್ಲ.”

ಬಸುನ ಗೇಮ್‌ನಲ್ಲಿ ಬಲಗಡೆಯಿಂದ ಒಂದು ಕಾರು ಬಂದು ಗುದ್ದಿ, ನಿಲ್ಲದೆ ಹೋಯಿತು. ಕಾಕಾ ಕುರ್ಚಿಯಲ್ಲೇ ಬಲಕ್ಕೆ ಬಾಗಿ, ಇಲ್ಲದ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದರು: “ಏ, ಕಣ್ಣು ಮನ್ಯಾಗ ಇಟ್ಟು ಬಂದೀಯೇನ್ಲೇ?” ಆಮೇಲೆ ನಮ್ಮತ್ತ ತಿರುಗಿ, “ಇದು ಖರೇ ಐತಿ” ಎಂದರು.

“ಕಾಕಾ, ಆದ್ರ ಫಿಸಿಕ್ಸ್...”

“ಅದನ್ನ ಪರೀಕ್ಷಾದಾಗ ಬರಿ.”

ಈಗ ಬಾಗಿಲ ಬಳಿಯ ಮಂಚದಿಂದಲೇ ಪೋಸ್ಟ್ ಮಾಡುತ್ತಿದ್ದೇನೆ. ಬರುವವರು, ಹೋಗುವವರು ಎಲ್ಲರೂ ಮಂಚಕ್ಕೆ ಗುದ್ದಿ, ನಿಲ್ಲದೆ ಹೋಗುತ್ತಿದ್ದಾರೆ. ತುಂಬಾ ರಿಯಲಿಸ್ಟಿಕ್.