ಸಿಪಾಯಿಗಳ ಹಳೆಯ ವಿಮಾನ, ಗುಲಾಬಿ ಸಂಘದ ಕಾರ್ಡು

ಗುಲಾಬಿ ಗಿಡ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಾಪ, ಗಿಡದ ತಪ್ಪೇನೂ ಇಲ್ಲ. ತಪ್ಪು ನನ್ನ ಗಂಡನದು. ಸ್ವಲ್ಪ ನನ್ನದೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಅಮೆರಿಕದಲ್ಲಿ ಡೆಟ್ರಾಯಿಟ್ ಪಕ್ಕದ ಡಿಯರ್‌ಬಾರ್ನಿಗೆ ಬಂದು ಐದು ವರ್ಷವಾಗಿತ್ತು. ಇವರು ಕಾರು ಕಂಪನಿಯಲ್ಲಿ ಎಂಜಿನಿಯರು. ಮಗಳಿಗೆ ನಾಲ್ಕು ವರ್ಷ. ಅಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದ ಅಪ್ಪ ಅವಳನ್ನು ಫೋಟೋದಲ್ಲಿ ಬಿಟ್ಟರೆ ನೋಡಿರಲೇ ಇಲ್ಲ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಪ್ಪನ ಕಾಗದ ಬಂತು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ನಿಗೆ ಬಗ್ಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದ್ದರಂತೆ. "ಸುತ್ತಲಿಂದ ಕತ್ತಲೆ ಒಳಕ್ಕೆ ಬರುತ್ತಿದೆ. ನಡುವೆ ಒಂದು ತಟ್ಟೆಯಷ್ಟು ಜಾಗ ಇನ್ನೂ ಕಾಣುತ್ತದೆ. ಮೊಮ್ಮಗಳ ಮುಖಕ್ಕೆ ಅಷ್ಟು ಸಾಕು. ಆದಷ್ಟು ಬೇಗ ಬನ್ನಿ" ಎಂದು ಬರೆದಿದ್ದರು. ಗೆರೆ ಹಾಕಿದ ಹಾಗೆ ಬರೆಯುತ್ತಿದ್ದ ಅಪ್ಪನ ಸಾಲುಗಳು ಕಾಗದದ ಬಲಗಡೆಗೆ ಜಾರಿಹೋಗಿದ್ದವು. ನಾನು ಅದನ್ನು ಅಡುಗೆಮನೆಯಲ್ಲಿ ನಿಂತೇ ಓದಿ ಅತ್ತೆ.

ಮೂರು ಜನಕ್ಕೆ ಮಾಮೂಲಿ ವಿಮಾನದ ಟಿಕೆಟ್ಟು ಕೊಳ್ಳುವುದು ಆಗ ನಮ್ಮಂಥವರಿಗೆ ಕನಸಿನ ಮಾತು. ಲಂಡನ್ನಿನವರೆಗೆ ಚಾರ್ಟರ್ ವಿಮಾನದಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ಟು ತೆಗೆದುಕೊಂಡರೆ ಮಾತ್ರ ಕೈಗೆಟುಕುತ್ತಿತ್ತು. ಆದರೆ ಚಾರ್ಟರಿಗೆ ಒಂದು ಹಾಳು ನಿಯಮವಿತ್ತು. ಇಡೀ ವಿಮಾನವನ್ನು ಯಾವುದಾದರೂ ಸಂಘ ಬಾಡಿಗೆಗೆ ಹಿಡಿಯಬೇಕು, ಹತ್ತುವವರೆಲ್ಲ ಆ ಸಂಘಕ್ಕೆ ಸೇರಿ ಆರು ತಿಂಗಳಾಗಿರಬೇಕು. ಡೆಟ್ರಾಯಿಟ್ ಸುತ್ತಮುತ್ತಲ ಕನ್ನಡದವರನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಸ್ಕೂಲ್ ಬಸ್ಸು ತುಂಬುತ್ತಿರಲಿಲ್ಲ, ಇನ್ನು ವಿಮಾನವೆಲ್ಲಿ? ಶಿಕಾಗೋದ ಟ್ರಾವೆಲ್ ಏಜೆಂಟನೊಬ್ಬ ಇದಕ್ಕೆ ದಾರಿ ಕಂಡುಕೊಂಡಿದ್ದ. ಅವನ ಕೈಯಲ್ಲಿ ಗುಲಾಬಿ ಬೆಳೆಯುವವರ ಸಂಘವೊಂದಿತ್ತು. ಗುಜರಾತಿಗಳು, ಜರ್ಮನಿಯವರು, ತಾಯಿಯನ್ನು ನೋಡಲು ಹೊರಟ ಇಂಗ್ಲೆಂಡಿನವರು, ಎಲ್ಲರೂ ರಾತ್ರೋರಾತ್ರಿ ಗುಲಾಬಿ ಪ್ರೇಮಿಗಳಾಗಿದ್ದರು. ಮೇ ತಿಂಗಳ ವಿಮಾನದಲ್ಲಿ ನಮಗೂ ಮೂರು ಸೀಟು ಇತ್ತು. ಏಪ್ರಿಲ್‌ನಲ್ಲಿ ಫಾರಂ ಕಳಿಸಿದ ಏಜೆಂಟ್, ಸೇರಿದ ದಿನಾಂಕದ ಜಾಗದಲ್ಲಿ ಹಿಂದಿನ ಅಕ್ಟೋಬರ್ ಹಾಕಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡಿದ್ದ.

ನನ್ನ ಗಂಡ ಪೆನ್ನನ್ನು ಮೇಜಿನ ಮೇಲಿಟ್ಟರು.

"ಅಕ್ಟೋಬರ್ ಅಂತ ಹೆಂಗೆ ಬರೆಯೋದು? ನಾವು ಸೇರೇ ಇಲ್ವಲ್ಲ."

"ಎಲ್ರೂ ಹಂಗೇ ಬರೀತಿದಾರೆ. ನೀವೊಬ್ರು ಬರೆದ್ರೆ ಆಕಾಶ ಕಳಚಿ ಬೀಳತ್ತಾ?"

"ಸೈನ್ ಮಾಡೋನು ನಾನಲ್ವಾ?"

ಊರಿಗೆಲ್ಲ ಒಂದು ದಾರಿಯಾದರೆ ಇವರಿಗೇ ಒಂದು ದಾರಿ. ಆ ದಿನದ ದಿನಾಂಕವನ್ನೇ ದುಂಡಗೆ ಬರೆದು, ಸಹಿ ಹಾಕಿ, ತಾವೇ ಹೋಗಿ ಪೋಸ್ಟ್ ಮಾಡಿ ಬಂದರು. ಏಜೆಂಟ್ ಫೋನ್ ಮಾಡಿ ಹಲುಬಿಕೊಂಡ. ಇವರು ಬಗ್ಗಲಿಲ್ಲ. ನಮ್ಮ ಮೂರು ಸೀಟು ಮೇ ತಿಂಗಳಿನಿಂದ ನವೆಂಬರಿಗೆ ಹೋದವು.

ಆ ಭಾನುವಾರ ಇವರ ಇಂಗ್ಲಿಷ್ ಸ್ನೇಹಿತ ಬಂದ. ಇವರ ಆಫೀಸಿನವನೇ, ದಿನಾ ಇವರ ಜೊತೆ ಒಂದೇ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವನು, ವಾರಕ್ಕೊಮ್ಮೆ ನನ್ನ ಉಪ್ಪಿಟ್ಟು ತಿಂದು ತನ್ನ ಸಿಪಾಯಿಗಿರಿಯ ಕಥೆ ಹೇಳುವವನು. ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಎರಡನೇ ಮಹಾಯುದ್ಧ ಮುಗಿದ ಮೇಲೂ ಬ್ರಿಟಿಷರ ಸೈನ್ಯ ದೇಶದೇಶಗಳಲ್ಲಿ ಉಳಿದಿತ್ತು. ಹುಡುಗರನ್ನು ಹಡಗಿನಲ್ಲಿ ಕಳಿಸಿದರೆ ವಾರಗಟ್ಟಲೆ ನೀರಿನ ಮೇಲೆಯೇ ಕಳೆಯುತ್ತಿತ್ತು. ಹಾಗಾಗಿ ಸರ್ಕಾರ ಸಣ್ಣಪುಟ್ಟ ಖಾಸಗಿ ಕಂಪನಿಗಳ ವಿಮಾನಗಳನ್ನು ಬಾಡಿಗೆಗೆ ಹಿಡಿಯಿತಂತೆ. ಕೆಲವು ಕಂಪನಿಗಳ ಹೊಟ್ಟೆ ತುಂಬುತ್ತಿದ್ದದ್ದೇ ಆ ಗುತ್ತಿಗೆಯಿಂದ. ಇವನನ್ನೂ ಹಾಗೆಯೇ, ಅಲ್ಲಲ್ಲಿ ಇಳಿದು ಎಣ್ಣೆ ತುಂಬಿಸಿಕೊಳ್ಳುತ್ತ, ಸಿಂಗಪುರಕ್ಕೆ ಸಾಗಿಸಿದ್ದರು. ಸೀಟುಗಳೆಲ್ಲ ಹಿಂದುಮುಂದು, ಮುಖ ಬಾಲದ ಕಡೆಗೆ. ವಿಮಾನ ಬಿದ್ದರೆ ಪೆಟ್ಟನ್ನು ಬೆನ್ನು ತಡೆದುಕೊಳ್ಳುತ್ತದೆ ಎಂಬ ಲೆಕ್ಕಾಚಾರ. ಇನ್ನು ದಾರಿಯಲ್ಲಿ ಸಿಗುವ ದೇಶಗಳು ಪರದೇಶದ ಸೈನಿಕರನ್ನು ಇಳಿಯಲು ಬಿಡವು. ಅದಕ್ಕೇ ಎಲ್ಲರಿಗೂ ಸಮವಸ್ತ್ರದ ಮೇಲೆ ಮಾಮೂಲಿ ಕೋಟು ಹಾಕಿಕೊಳ್ಳಲು ಹೇಳಿದ್ದರು. ಪಾಸ್‌ಪೋರ್ಟಿನಲ್ಲಿ 'ಸರ್ಕಾರಿ ನೌಕರ' ಎಂದು ಬರೆದಿತ್ತು. ಮೇಲೆ ಕೋಟು, ಕೆಳಗೆ ಖಾಕಿ ಪ್ಯಾಂಟು, ಕಾಲಲ್ಲಿ ಪಾಲಿಶ್ ಮಾಡಿದ ಮಿಲಿಟರಿ ಬೂಟು!

ಇಷ್ಟು ದಿನ ಈ ಕಥೆ ಶುರುವಾದರೆ ನಾನು ಪಾತ್ರೆ ತೊಳೆಯಲು ಎದ್ದುಹೋಗುತ್ತಿದ್ದೆ. ಆ ದಿನ ಮಾತ್ರ ಕುಳಿತು ಕೇಳಿದೆ. ಅವನು ಇವರಿಗೆ ಹೇಳಿದ: "ಪ್ರತಿ ವಿಮಾನ ನಿಲ್ದಾಣದಲ್ಲೂ ಅಧಿಕಾರಿಗಳು ನಮ್ಮ ಬೂಟು ನೋಡಿದರು. ನಾವು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಕೋಟು, ಅದನ್ನು ನಾವು ಹಾಕಿಕೊಂಡಿದ್ದೆವು. ನೀನೂ ಕೋಟು ಹಾಕಿಕೊಂಡು ಹೋಗಿ ಬಾ ಮಾರಾಯ. ನಿನ್ನ ಮಾವನ ಕಣ್ಣು ಕಾಯುವುದಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಇವರು ನಕ್ಕು, ಇನ್ನೊಂದಿಷ್ಟು ಉಪ್ಪಿಟ್ಟು ಬಡಿಸು ಎಂದರು.

ಮೇ ತಿಂಗಳಲ್ಲಿ ಆ ಸ್ನೇಹಿತನೇ ಹಳೆಯ ದಿನಾಂಕ ಹಾಕಿಸಿದ ಸಂಘದ ಕಾರ್ಡು ಹಿಡಿದು ಇಂಗ್ಲೆಂಡಿಗೆ ಹೋಗಿ, ತಾಯಿಯ ಜೊತೆ ಇದ್ದು, ಡಬ್ಬಿಗಟ್ಟಲೆ ಚಹಾಪುಡಿ ಹೊತ್ತು ವಾಪಸ್ಸು ಬಂದ. ವಿಮಾನದ ಸೀಟುಗಳು ಹಿಂದುಮುಂದಾಗಿದ್ದವಂತೆ! ಸಿಪಾಯಿಗಳನ್ನು ಸಾಗಿಸುತ್ತಿದ್ದ ವಿಮಾನಗಳೇ ಈಗ ನಮ್ಮಂಥವರನ್ನು ಸಾಗಿಸುತ್ತಿವೆ, ನಾನು ಅಂದು ಸಿಂಗಪುರಕ್ಕೆ ಹೋದದ್ದು ಇದೇ ವಿಮಾನ ಇಲ್ಲವೇ ಅದರ ತಮ್ಮ ಎಂದು ಕುಣಿದಾಡಿದ. ನನಗೆ ಅವನ ಮುಖ ನೋಡಿಯೇ ಹೊಟ್ಟೆಕಿಚ್ಚಾಯಿತು.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ನನ್ನ ಹೆಸರಿನಲ್ಲೇ ಒಂದು ಫಾರಂ ತುಂಬಿ, ಮಗುವನ್ನು ಕರೆದುಕೊಂಡು ನಾನೇ ಮೇ ತಿಂಗಳಲ್ಲಿ ಹೋಗಬಹುದಿತ್ತು. ಏಜೆಂಟ್ ಫಾರಂ ಕಳಿಸಿಯೂ ಇದ್ದ. ಇವರು, "ಹೋಗು, ನಾನು ತಡೆಯಲ್ಲ" ಎಂದರು. ಒಂದು ವಾರ ಆ ಫಾರಂ ಅಡುಗೆಮನೆಯ ಡ್ರಾಯರಿನಲ್ಲಿ ಸೌಟುಗಳ ಕೆಳಗೆ ಬಿದ್ದಿತ್ತು. ನಾನು ಹೆದರಿದ್ದು ಒಬ್ಬಳೇ ಹೋಗುವುದಕ್ಕಲ್ಲ, ಅಪ್ಪನಿಗೆ. ಅಪ್ಪ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಪತ್ರಕ್ಕೆ ಹಿಂದಿನ ದಿನಾಂಕ ಹಾಕಿಕೊಡಿ ಎಂದು ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದವರನ್ನು ಬುಟ್ಟಿಯ ಸಮೇತ ಗೇಟಿನಾಚೆ ಕಳಿಸುತ್ತಿದ್ದರು. ಅಂಥವರು, ಹೇಗೆ ಬಂದೆ ಎಂದು ಕೇಳಿದರೆ ಏನು ಹೇಳಲಿ? ಫಾರಂ ಹರಿದು ಹಾಕಿದೆ.

ಇನ್ನು ಆ ಆರು ತಿಂಗಳು! ಸಂಘಕ್ಕೆ ಸೇರಿದ ಮೇಲೆ ಸರಿಯಾಗಿ ಸೇರಬೇಕು ಎಂದು ಇವರು ಹಿತ್ತಿಲಿನ ಹುಲ್ಲು ಕಿತ್ತು ಏಳು ಗುಲಾಬಿ ಗಿಡ ನೆಟ್ಟರು. ತಿಂಗಳಿಗೊಂದು ಶನಿವಾರ ಸಂಘದ ಸಭೆಗೆಂದು ಶಿಕಾಗೋ ಕಡೆಗೆ ಇನ್ನೂರೈವತ್ತು ಮೈಲಿ ಡ್ರೈವ್ ಮಾಡಿಕೊಂಡು ಹೋದರು. ಆ ಸಂಘದಲ್ಲಿ ನಿಜವಾಗಿಯೂ ಗುಲಾಬಿ ಬೆಳೆಯುತ್ತಿದ್ದವರು ನಾಲ್ಕೋ ಐದೋ ಅಜ್ಜಿಯರು. ವಿಮಾನಕ್ಕಾಗಿ ಸೇರಿದವರಲ್ಲಿ ಸಭೆಗೆ ಬಂದ ಮೊದಲನೆಯವರು ಇವರೇ ಎಂದು ಅವರು ಕೇಕು ಕೊಟ್ಟು ಕಳಿಸಿದರಂತೆ. ಅದನ್ನು ಹೆಮ್ಮೆಯಿಂದ ಮನೆಗೆ ತಂದರು. ನಾನು ಮುಟ್ಟಲಿಲ್ಲ. "ಅಲ್ಲಿ ಅಪ್ಪನ ಕಣ್ಣು ಹೋಗ್ತಿದೆ, ಇಲ್ಲಿ ನೀವು ಗಿಡಕ್ಕೆ ಗೊಬ್ಬರ ಹಾಕ್ತಿದೀರಿ" ಎಂದು ಚೆನ್ನಾಗಿ ಮಂಗಳಾರತಿ ಮಾಡಿದೆ. ಇವರು ಕತ್ತರಿ ಹಿಡಿದು ಹಿತ್ತಿಲಿಗೆ ಹೋದರು.

ಆಗಸ್ಟ್‌ನಲ್ಲಿ ಬಂದ ಕಾಗದದಲ್ಲಿ ಇದ್ದದ್ದು ತಮ್ಮನ ಅಕ್ಷರ. ಅಪ್ಪ ಹೇಳಿ ಬರೆಸಿದ್ದರು. ಕಣ್ಣಿನ ಮಾತೇ ಇರಲಿಲ್ಲ. ಮಗುವಿಗೆ ಎಷ್ಟು ಹಲ್ಲು ಬಂದಿದೆ ಎಂದು ಕೇಳಿದ್ದರು, ನಾಲ್ಕು ವರ್ಷದ ಮಗುವಿಗೆ.

ನವೆಂಬರಿನಲ್ಲಿ ಹಿಮಮಳೆಯಲ್ಲಿ ಐ-94 ಹೆದ್ದಾರಿ ಹಿಡಿದು ಶಿಕಾಗೋ ಏರ್‌ಪೋರ್ಟಿಗೆ ಹೋದೆವು. ಇವರು ಇಸ್ತ್ರಿ ಮಾಡಿದ ಕೋಟಿನ ಜೇಬಿನಿಂದ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟರು. ಅಲ್ಲಿದ್ದ ಹುಡುಗಿ ಅದನ್ನು ಪಕ್ಕಕ್ಕೆ ಸರಿಸಿ, ಸೂಟ್‌ಕೇಸ್ ತಕ್ಕಡಿಯ ಮೇಲಿಡಿ ಎಂದಳು. "ಮೆಂಬರ್‌ಶಿಪ್ ಡೇಟ್ ನೋಡಲ್ವಾ?" ಎಂದು ಇವರೇ ಕೇಳಿದರು. ಹಿಂದಿನ ಸಾಲಿನಲ್ಲಿದ್ದವರು ಗಾಬರಿಯಾಗಿ ಕೆಮ್ಮಿದರು. ಆ ಹುಡುಗಿ ಬೇಡ ಎಂದು ತಲೆಯಾಡಿಸಿದಳು. ಆರು ತಿಂಗಳು ಕಾದು ತಂದ ಕಾರ್ಡನ್ನು ಯಾರೂ ನೋಡಲಿಲ್ಲ! ನನಗೆ ಅಲ್ಲೇ ಮೈ ಪರಚಿಕೊಳ್ಳುವ ಹಾಗಾಯಿತು. ಮುಂದೆ ಒಂದೆರಡು ವರ್ಷದಲ್ಲಿ ಆ ನಿಯಮವನ್ನೇ ತೆಗೆದುಹಾಕಿದರು ಎಂಬುದು ಬೇರೆ ಮಾತು.

ವಿಮಾನ ಹಳೆಯ ಪ್ರೊಪೆಲರಿನದು. ಸೀಟುಗಳು ಹಿಂದುಮುಂದು. ನನ್ನ ಸೀಟಿನ ಕೈಹಿಡಿಯ ಮೇಲೆ ಯಾವನೋ ಸಿಪಾಯಿ ಮೊಳೆಯಿಂದ ಎರಡು ಅಕ್ಷರ ಕೆತ್ತಿದ್ದ. ಅವನು ಯಾರನ್ನು ಬಿಟ್ಟು ಹೊರಟಿದ್ದನೋ ಎಂದು ಮೊದಲ ಸಲ ಅನ್ನಿಸಿತು. "ವೈ ಆರ್ ವಿ ಗೋಯಿಂಗ್ ಬ್ಯಾಕ್‌ವರ್ಡ್ಸ್, ಮಮ್ಮಿ?" ಎಂದು ಮಗಳು ಕೇಳಿದಳು. ನಿಮ್ಮಪ್ಪನನ್ನು ಕೇಳು ಎಂದೆ. ಇವರು ಬೆನ್ನು, ಪೆಟ್ಟು, ವೇಗ ಎಂದು ಖುಷಿಯಾಗಿ ಎಂಜಿನಿಯರಿಂಗ್ ಶುರುಮಾಡಿದರು. ನಾನು ಅಪ್ಪ ಇದ್ದ ದಿಕ್ಕಿಗೆ ಬೆನ್ನು ಹಾಕಿಕೊಂಡು ಕುಳಿತು ಲಂಡನ್ನಿನವರೆಗೆ ಹೋದೆ.

ಮೈಸೂರಿನಲ್ಲಿ ಅಪ್ಪ ಜಗಲಿಯ ಕುರ್ಚಿಯ ಮೇಲೆ ಒಗೆದ ಅಂಗಿ ತೊಟ್ಟು ಕಾದಿದ್ದರು. ನಾವು ನಿಂತ ಕಡೆಗಲ್ಲದೆ ಬಾಗಿಲಿನ ಕಡೆಗೆ ನೋಡಿ ನಕ್ಕರು. ಮಗಳನ್ನು ಅವರ ಮುಂದೆ ನಿಲ್ಲಿಸಿದೆ. ಹಣೆ, ಹುಬ್ಬು, ಮೂಗು, ಗಲ್ಲ ಎಂದು ಬೆರಳಿನಲ್ಲಿ ನಿಧಾನವಾಗಿ ಸವರಿದರು. ಮಗು ಕಚಗುಳಿಯಿಂದ ನಕ್ಕಿತು. ನಾನು ತಿರುಗಿ ನಿಂತೆ.

ಇಷ್ಟು ತಡವೇಕೆ ಎಂದು ಅಪ್ಪ ಕೇಳಿದರು. ನನ್ನ ಗಂಡ ಒಂದೂ ಬಿಡದೆ ಹೇಳಿ, ಕಾರ್ಡು ತೆಗೆದು ಅವರ ಕೈಗೇ ಕೊಟ್ಟರು. ಕಣ್ಣು ಕಾಣದವರ ಕೈಗೆ! ಅಪ್ಪ ಅದರ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, "ಒಳ್ಳೇ ಕೆಲಸ ಮಾಡಿದಿರಿ. ತಾರೀಖು ಅಂದ್ಮೇಲೆ ತಾರೀಖೇ" ಎಂದು ವಾಪಸ್ಸು ಕೊಟ್ಟರು. ಗೆದ್ದವರ ಹಾಗೆ ನನ್ನ ಕಡೆ ನೋಡಿ, ಇವರು ಕೈಕಾಲು ತೊಳೆಯಲು ಒಳಗೆ ಹೋದರು.

ಅಪ್ಪ ನನ್ನ ಕೈಗಾಗಿ ತಡಕಾಡಿದರು. ಕೊಟ್ಟೆ.

"ಹಿಂದಿನ ತಾರೀಖು ಹಾಕಿಸ್ಬಿಡಬೇಕಿತ್ತು ಕಣಮ್ಮ" ಎಂದರು ಮೆಲ್ಲಗೆ. "ಮೇ ತಿಂಗಳಲ್ಲಿ ಇನ್ನೂ ಕಾಣ್ತಿತ್ತು."

ಅಷ್ಟರಲ್ಲಿ ಇವರು ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಅಪ್ಪ ನನ್ನ ಕೈ ಅದುಮಿ ಬಿಟ್ಟು, ಸದ್ದು ಬಂದ ಕಡೆಗೆ ಮುಖ ತಿರುಗಿಸಿ, "ಗುಲಾಬಿಗೆ ಏನು ಗೊಬ್ಬರ ಹಾಕ್ತೀರಿ, ಹೇಳಿ" ಎಂದರು. ಇವರು ಅರ್ಧ ಗಂಟೆ ಹೇಳಿದರು.