ಟೀಚರಮ್ಮನ ಕುಯ್ತ

ಹುಲಿಕುಂಟೆಯ ನಮ್ಮ ಮನೆಯ ಹಿಂದೆ ಕುರಿ ಮೇಯಿಸುತ್ತಿದ್ದ ಈರಣ್ಣ ಹಾಕಿದ ಸಿಳ್ಳೆ ಕೇಳಿ, ಕುಡಿಯುತ್ತಿದ್ದ ಕಾಫಿ ನನಗೆ ನೆತ್ತಿಗೇರಿತು. ಅದು ಐರ್ಲೆಂಡಿನ ಜನ ಪಿಟೀಲಿನಲ್ಲಿ ನುಡಿಸಿ ಕುಣಿಯುವ ಹಳೆಯ ಧಾಟಿ. ಅದಕ್ಕೆ ಅವರು ರೀಲ್ ಅನ್ನುತ್ತಾರೆ. ಶಾಲೆಗೆ ಹೊರಡುವ ಮುಂಚೆ ಮೊಬೈಲ್ ನೋಡಿಕೊಂಡು ನಾನು ಪಿಟೀಲಿನಲ್ಲಿ ಕಲಿಯುತ್ತಿರುವುದೂ ಅದನ್ನೇ. ಈ ಧಾಟಿ ಕಟ್ಟಿದವರು ಯಾರೆಂದು ಅಲ್ಲಿಯವರಿಗೇ ಗೊತ್ತಿಲ್ಲವಂತೆ.

ಹಾಗಾದರೆ ಇದು ಹುಟ್ಟಿದ್ದು ನಮ್ಮ ಕುರಿಗಾಹಿಗಳಲ್ಲೇ ಇರಬೇಕು! ಸಂಶೋಧಕಿಯ ಗತ್ತಿನಲ್ಲಿ ಹಿತ್ತಲಿಗೆ ಓಡಿದೆ. “ಈರಣ್ಣ, ಈ ಸಿಳ್ಳೆ ನಿಮ್ಮ ತಾತನ ಕಾಲದ್ದಾ?” ಎಂದು ಕೇಳಿದೆ.

“ಯಾವ್ ತಾತ ಕಣಮ್ಮ? ನೀವು ದಿನಾ ಬೆಳಗ್ಗೆ ಪಿಟೀಲು ಕುಯ್ತೀರಲ್ಲ, ಅದೇಯ. ಕುರಿಗುಳು ಯಾರ್ದಾರ ಹೊಲಕ್ಕೆ ನುಗ್ಗುದ್ರೆ ಇದ್ನ ಹಾಕ್ತೀನಿ. ತಡಕಳಕ್ಕಾಗ್ದೆ ಈಚೆ ಬಂದ್ಬುಡ್ತವೆ. ಟೀಚರಮ್ಮನ ಕುಯ್ತ ಅಂತ ಹೆಸರಿಟ್ಟಿವ್ನಿ.”

ಹುಟ್ಟು ಗೊತ್ತಿಲ್ಲದ ಧಾಟಿಗೆ, ಯಾರಿಂದ ಕಲಿತರೋ ಅವರ ಹೆಸರನ್ನೇ ಇಡುವ ರೂಢಿ ಐರ್ಲೆಂಡಿನಲ್ಲೂ ಇದೆಯಂತೆ. ಆ ಲೆಕ್ಕದಲ್ಲಿ ನನ್ನ ಹೆಸರಿನಲ್ಲೂ ಈಗ ಒಂದು ರೀಲ್ ಇದೆ. ಇವಳು ರೀಲು ಬಿಡುತ್ತಿದ್ದಾಳೆ ಅನ್ನುವವರು ಹುಲಿಕುಂಟೆಗೆ ಬಂದು ಕುರಿಗಳನ್ನೇ ಕೇಳಲಿ.