ಜೇಬಿಗೆ ಹಾಕಿಕೊಂಡ ರಬ್ಬರ್ ರಿಂಗು

ನಾನು ಮೊದಲ ಮೊಬೈಲ್ ಕೊಂಡ ವರ್ಷ. ಹಾರವಾಡದ ಕಡಲಲ್ಲಿ ಗಾಳಿಯಿಲ್ಲದೆ ನಿಂತಿದ್ದ ಹಾಯಿದೋಣಿಯೊಂದರ ಎಂಜಿನ್ ರಿಪೇರಿಗೆ ಕಾರವಾರದಿಂದ ನನ್ನನ್ನು ಕರೆಸಿದ್ದರು. ದಡದಿಂದ ಸಣ್ಣ ದೋಣಿಯಲ್ಲಿ ನನ್ನನ್ನು ಅಲ್ಲಿಗೆ ಮುಟ್ಟಿಸಿದವರು ಬೊಮ್ಮಯ್ಯ, ನನ್ನ ಅಪ್ಪನ ವಯಸ್ಸಿನ ಮೀನುಗಾರರು.

ಡೀಸೆಲ್ ಫಿಲ್ಟರ್ ಸೋರುತ್ತಿತ್ತು. ಹೊಸದು ಹಾಕಿದೆ, ಅದೂ ಸೋರಿತು. ಬಿಗಿ ಮಾಡಿದಷ್ಟೂ ಜಾಸ್ತಿಯಾಯಿತು.

“ಮೇಸ್ತ್ರಿ, ಹಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟ್ಕಂಡದೆ ಕಾಣ್ತದೆ. ಎರಡು ರಿಂಗು ಕೂತ್ರೆ ಸೋರ್ತದೆ. ಬೆರಳು ಹಾಕಿ ನೋಡಿ,” ಎಂದರು ಬೊಮ್ಮಯ್ಯ.

ಹಾಯಿದೋಣಿಯ ಮಾಲೀಕರಾದ ಸಾಹೇಬರು ನನ್ನ ಮುಖ ನೋಡಿದರು.

“ನೀನು ಹುಟ್ಟು ಹಾಕು ಮಾರಾಯ, ಸಾಕು. ಈ ಫಿಲ್ಟರೇ ಸರಿಯಿಲ್ಲ. ಅಂಕೋಲೆಗೆ ಹೋಗಿ ಇನ್ನೊಂದು ತಾ,” ಎಂದುಬಿಟ್ಟೆ.

ಅವರು ಹೋದರು. ಸಾಹೇಬರು ಮೇಲೆ ಹಾಯಿ ಮಡಚುತ್ತಿದ್ದಾಗ ಫಿಲ್ಟರ್ ಬಿಚ್ಚಿ ಬೆರಳು ಹಾಕಿದೆ. ಹಳೇ ರಿಂಗು ಅಲ್ಲೇ ಇತ್ತು. ಕಿತ್ತು ಜೇಬಿಗೆ ಹಾಕಿಕೊಂಡು, ಅದೇ ಫಿಲ್ಟರನ್ನು ಮತ್ತೆ ಕೂರಿಸಿದೆ. ಒಂದು ಹನಿಯೂ ಬೀಳಲಿಲ್ಲ.

ಮೂರು ತಾಸಿನ ಮೇಲೆ ಬೊಮ್ಮಯ್ಯ ಬೆವರು ಸುರಿಸುತ್ತ ಬಂದರು. ಸರಿಯಾಗಿದ್ದ ಫಿಲ್ಟರನ್ನು ಅವರೆದುರೇ ಬಿಚ್ಚಿ, ಅವರು ತಂದದ್ದನ್ನು ಹಾಕಿದೆ. ಎಂಜಿನ್ ಶುರುವಾಯಿತು, ಸೋರಲಿಲ್ಲ.

“ತಪ್ಪಾಯ್ತು ಮೇಸ್ತ್ರಿ. ಗೊತ್ತಿಲ್ಲದೆ ಬಾಯಿ ಹಾಕ್ದೆ,” ಎಂದರು ಅವರು.

ಜೇಬಿನಲ್ಲಿ ರಿಂಗು ಡೀಸೆಲ್ ನಾರುತ್ತಿತ್ತು. ನಾನೆಂಥ ದೊಡ್ಡ ಮನುಷ್ಯ ನೋಡಿ, “ಇರ್ಲಿ ಬಿಡು” ಎಂದು ಅವರನ್ನು ಕ್ಷಮಿಸಿಯೂ ಬಿಟ್ಟೆ.